‘ಹುಷಾರಾಗಿ ಹೋಗು’ ಎಂದರೆ ಸಾಕೇ?

ನಿಮ್ಮ ಮನೆಯಿಂದ ಮಗುವಿನ ಶಾಲೆಗೆ ಎಷ್ಟು ದೂರ? ಆ ದಾರಿಯಲ್ಲಿ ಮಗು ಎಷ್ಟು ಕಡೆ ರಸ್ತೆ ದಾಟಬೇಕು? ಎಲ್ಲಿ ತಿರುವಿದೆ, ಎಲ್ಲಿ ಲಾರಿಗಳು ನಿಲ್ಲುತ್ತವೆ, ಎಲ್ಲಿ ಚರಂಡಿಯ ಚಪ್ಪಡಿ ಕಿತ್ತುಹೋಗಿದೆ? ಮೊದಲನೆಯ ಪ್ರಶ್ನೆಗೆ ತಂದೆತಾಯಿಯರೆಲ್ಲ ತಟ್ಟನೆ ಉತ್ತರ ಕೊಡುತ್ತಾರೆ. ಉಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವರು ಕಡಿಮೆ. ಆ ದಾರಿಯಲ್ಲಿ ನಾವು ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತೇವೆಯೇ ಹೊರತು ಮಗುವಿನ ಜೊತೆ ನಡೆದು ನೋಡಿರುವುದಿಲ್ಲ.

ಈಗ ಅರ್ಧ ಕಿಲೋಮೀಟರ್ ದೂರದ ಶಾಲೆಗೂ ಆಟೊ, ವ್ಯಾನು, ಇಲ್ಲವೇ ಅಪ್ಪನ ಬೈಕು. ಏಕೆಂದು ಕೇಳಿದರೆ ‘ರಸ್ತೆ ನೋಡಿದ್ದೀರಲ್ಲ, ಹೇಗೆ ಕಳಿಸುವುದು?’ ಎಂಬ ಮಾತು ಬರುತ್ತದೆ. ಈ ಭಯವನ್ನು ತಳ್ಳಿಹಾಕುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು, ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಅಂಶವೂ ಇದೆ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಹೀಗಾಗಿ ಮಗುವನ್ನು ರಸ್ತೆಯಿಂದ ಎತ್ತಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡರೆ ಅಪಾಯ ತಪ್ಪಿತು ಎಂದು ನೆಮ್ಮದಿಯಿಂದ ಇರುವ ಹಾಗಿಲ್ಲ.

ಇನ್ನು ನಡೆದೇ ಶಾಲೆಗೆ ಹೋಗುವ ಮಕ್ಕಳು. ಹಳ್ಳಿಗಳಲ್ಲಿ, ಸಣ್ಣ ಪಟ್ಟಣಗಳಲ್ಲಿ, ನಗರದ ಬಡಾವಣೆಗಳಲ್ಲಿ ಇಂಥ ಮಕ್ಕಳು ಇವತ್ತಿಗೂ ಬಹಳ. ಇವರಿಗೆ ಮನೆಯಲ್ಲಿ ಸಿಗುವ ರಸ್ತೆ ಪಾಠ ಒಂದೇ ಸಾಲಿನದು. ಬಾಗಿಲಲ್ಲಿ ನಿಂತ ಅಮ್ಮ ‘ಹುಷಾರಾಗಿ ಹೋಗು’ ಎನ್ನುತ್ತಾಳೆ. ಆರು ವರ್ಷದ ಮಗುವಿಗೆ ಈ ಮಾತಿನಿಂದ ಏನು ತಿಳಿಯಬೇಕು? ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು, ಬರುವ ಬಸ್ಸು ಎಷ್ಟು ದೂರದಲ್ಲಿದ್ದರೆ ದಾಟಬಹುದು? ಈಜು ಬಾರದ ಮಗುವನ್ನು ಕೆರೆಯ ದಂಡೆಯಲ್ಲಿ ನಿಲ್ಲಿಸಿ ‘ಹುಷಾರಾಗಿ ಈಜು’ ಎಂದು ಹೇಳಿದಂತೆಯೇ ಇದು.

ಮಗುವಿನ ಕಣ್ಣು ಮೋಸ ಮಾಡುತ್ತದೆ

ಮಕ್ಕಳು ಎಂದರೆ ಸಣ್ಣ ಅಳತೆಯ ದೊಡ್ಡವರಲ್ಲ ಎಂದು ಮಕ್ಕಳ ವೈದ್ಯರು ಔಷಧಿಯ ವಿಷಯದಲ್ಲಿ ಹೇಳುವುದುಂಟು. ರಸ್ತೆಯ ವಿಷಯದಲ್ಲೂ ಈ ಮಾತು ನಿಜ.

ಮೊದಲಿಗೆ ಎತ್ತರ. ಆರು ವರ್ಷದ ಮಗು ಸುಮಾರು ಮೂರೂಮುಕ್ಕಾಲು ಅಡಿ ಎತ್ತರವಿರುತ್ತದೆ. ರಸ್ತೆ ಬದಿ ನಿಂತ ಕಾರಿನ ಹಿಂದೆ ನಿಮಗೆ ಆಚೆಯ ರಸ್ತೆ ಪೂರ್ತಿ ಕಾಣುತ್ತದೆ; ಮಗುವಿಗೆ ಕಾಣುವುದು ಕಾರಿನ ಬಾಗಿಲು ಮಾತ್ರ. ಬರುವ ಚಾಲಕನಿಗೂ ಮಗು ಕಾಣುವುದಿಲ್ಲ. ಒಮ್ಮೆ ಆ ಜಾಗದಲ್ಲಿ ನೀವೇ ಮಂಡಿಯೂರಿ ಕುಳಿತು ನೋಡಿ. ಬೀದಿಯಲ್ಲಿ ಹೋಗುವವರು ನಕ್ಕರೆ ನಗಲಿ.

ಎರಡನೆಯದು ವೇಗದ ಅಂದಾಜು. ವಾಹನ ಹತ್ತಿರ ಬಂದಂತೆ ಕಣ್ಣಿನಲ್ಲಿ ಮೂಡುವ ಅದರ ಬಿಂಬ ದೊಡ್ಡದಾಗುತ್ತ ಹೋಗುತ್ತದೆ. ಈ ಬೆಳವಣಿಗೆಯನ್ನು ಗ್ರಹಿಸಿಯೇ ಮಿದುಳು ‘ಬರುತ್ತಿದೆ’ ಎಂದು ತಿಳಿಯುತ್ತದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೆ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಬರುವ ವಾಹನವನ್ನು ಪ್ರಾಥಮಿಕ ಶಾಲೆಯ ಮಕ್ಕಳು ‘ಬರುತ್ತಿದೆ’ ಎಂದು ಸರಿಯಾಗಿ ಗುರುತಿಸಲಾರರು. ದೂರದಿಂದ ರಭಸವಾಗಿ ಬರುವ ಕಾರು ಅವರ ಕಣ್ಣಿಗೆ ನಿಂತಲ್ಲೇ ನಿಂತಂತೆ ತೋರಬಹುದು. ಮಗು ರಸ್ತೆ ನೋಡಲೇ ಇಲ್ಲ ಎಂದು ಅಪಘಾತವಾದ ಮೇಲೆ ಜನ ಬೈಯುತ್ತಾರೆ. ಎಷ್ಟೋ ಸಲ ಮಗು ನೋಡಿರುತ್ತದೆ, ವೇಗ ಮಾತ್ರ ತಿಳಿದಿರುವುದಿಲ್ಲ.

ಮೂರನೆಯದು ಬುದ್ಧಿ ಓಡುವ ರೀತಿ. ಐದಾರು ವರ್ಷದ ಮಕ್ಕಳ ಲೆಕ್ಕದಲ್ಲಿ, ವಾಹನ ಕಾಣದಿದ್ದರೆ ವಾಹನ ಇಲ್ಲ ಎಂದೇ ಅರ್ಥ. ಕಡಿದಾದ ತಿರುವಿನಲ್ಲಿ, ದಿಬ್ಬದ ಕೆಳಗೆ ನಿಂತುಕೊಂಡು ‘ಇಲ್ಲಿ ದಾಟಬಹುದು, ಯಾವ ಗಾಡಿಯೂ ಕಾಣುವುದಿಲ್ಲ’ ಎನ್ನುತ್ತಾರೆ. ಎದುರಿಗೆ ಅಂಗಡಿ ಇದ್ದರೆ ಅಡ್ಡಡ್ಡವಾಗಿ, ಹತ್ತಿರದ ದಾರಿಯಲ್ಲೇ ಓಡುತ್ತಾರೆ. ಇದು ತುಂಟತನವಲ್ಲ, ಆ ವಯಸ್ಸಿನ ತರ್ಕ.

ದೊಡ್ಡ ಮಕ್ಕಳಾದರೆ ಪರವಾಗಿಲ್ಲವೇ? ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ನಿಜವಾದ ರಸ್ತೆಯಂತೆಯೇ ಕಾಣುವ ಕೃತಕ ರಸ್ತೆಯಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ದಾಟಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದೊಡ್ಡವರಷ್ಟು ಸುರಕ್ಷಿತವಾಗಿ ದಾಟಿದವರು 14 ವರ್ಷದವರು ಮಾತ್ರ. ಅದಕ್ಕಿಂತ ಚಿಕ್ಕವರು ಎರಡು ವಾಹನಗಳ ನಡುವಿನ ಬಿಡುವನ್ನು ನೋಡಿದರೂ ಹೆಜ್ಜೆ ಇಡುವುದಕ್ಕೆ ಕೊಂಚ ತಡ ಮಾಡುತ್ತಾರೆ. ಆ ಅರೆಗಳಿಗೆಯಲ್ಲೇ ಬಿಡುವು ಮುಗಿದುಹೋಗುತ್ತದೆ.

ಒಂದು ಸಣ್ಣ ಲೆಕ್ಕ

ಏಳು ಮೀಟರ್ ಅಗಲದ ರಸ್ತೆಯನ್ನು ದಾಟಲು ಚಿಕ್ಕ ಮಗುವಿಗೆ ಸುಮಾರು ಏಳು ಸೆಕೆಂಡ್ ಬೇಕು ಎಂದುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಅಷ್ಟು ಹೊತ್ತಿಗೆ 97 ಮೀಟರ್ ಬಂದಿರುತ್ತದೆ. ಎಂದರೆ ನೂರು ಮೀಟರಿಗಿಂತ ಹತ್ತಿರ ಯಾವ ವಾಹನವೂ ಇರಬಾರದು. ನೂರು ಮೀಟರ್ ಎಂದರೆ ಮಗುವಿಗೆ ಅರ್ಥವಾಗುವುದಿಲ್ಲ. ಹೀಗೆ ಮಾಡಿ: ಮಗು ದಾಟಬೇಕಾದ ಜಾಗದಿಂದ ಎರಡೂ ಕಡೆಗೆ ನಿಮ್ಮ ಸಾಧಾರಣ ನಡಿಗೆಯಲ್ಲಿ 140 ಹೆಜ್ಜೆ ನಡೆಯಿರಿ. ಅಲ್ಲಿ ಯಾವ ಗುರುತು ಇದೆ ನೋಡಿ. ವಿದ್ಯುತ್ ಕಂಬ, ಆಲದ ಮರ, ಹಾಲಿನ ಬೂತು, ಯಾವುದಾದರೂ ಸರಿ. ‘ಗಾಡಿ ಆ ಮರದಿಂದ ಈಚೆ ಬಂದಿದ್ದರೆ ದಾಟಬೇಡ, ಅದು ಹೋಗಲಿ’ ಎಂದು ಕಲಿಸಿ. ವೇಗದ ಅಂದಾಜು ಮಗುವಿಗೆ ಬರುವುದಿಲ್ಲ, ಗುರುತಿನ ನೆನಪು ಚೆನ್ನಾಗಿ ಬರುತ್ತದೆ. ಕಾಣುವ ದೂರವೇ ನೂರು ಮೀಟರ್ ಇಲ್ಲದ ಜಾಗವಾದರೆ ಅದು ದಾಟುವ ಜಾಗವೇ ಅಲ್ಲ. ಹೆದ್ದಾರಿಗೂ ಈ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿನ ವೇಗಕ್ಕೆ ಇಮ್ಮಡಿ ದೂರವೂ ಸಾಲದು.

ವಾಹನ ಓಡಿಸುವವರೂ ಒಂದು ಲೆಕ್ಕ ತಿಳಿದಿರಬೇಕು. ಅಡ್ಡಬಂದ ಮಗುವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆಯುತ್ತದೆ. 30 ಕಿಲೋಮೀಟರ್ ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಚಲಿಸಿ, ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಮತ್ತೆ 5 ಮೀಟರ್ ಸಾಗಿ ನಿಲ್ಲುತ್ತದೆ. 50ರ ವೇಗದ ಕಾರು ಮೊದಲ ಸೆಕೆಂಡಿನಲ್ಲೇ 14 ಮೀಟರ್ ದಾಟಿರುತ್ತದೆ. ಒಂದು ಕಾರು ಪೂರ್ತಿ ನಿಂತ ಜಾಗವನ್ನು ಇನ್ನೊಂದು ಬ್ರೇಕ್ ಹಿಡಿಯುವ ಮೊದಲೇ ದಾಟುತ್ತದೆ. ಮಗು 13 ಮೀಟರ್ ದೂರದಲ್ಲಿದ್ದರೆ ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಶಾಲೆಯ ಮುಂದೆ ವೇಗ ಕಡಿಮೆ ಮಾಡಿ ಎಂಬ ಫಲಕದ ಹಿಂದಿರುವುದು ಇದೇ ಲೆಕ್ಕ.

ಕಲಿಸುವುದು ರಸ್ತೆಯಲ್ಲೇ

ಗೋಡೆಯ ಮೇಲಿನ ಚಿತ್ರಪಟ ತೋರಿಸಿ ರಸ್ತೆ ನಿಯಮ ಬಾಯಿಪಾಠ ಮಾಡಿಸಿದರೆ ಮಗು ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆಯುತ್ತದೆ, ರಸ್ತೆಗೆ ಬಂದಾಗ ಹಿಂದಿನಂತೆಯೇ ಓಡುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಡ್ರಮ್‌ಚಾಪೆಲ್ ಎಂಬ ಬಡವರ ಬಡಾವಣೆಯಿದೆ. 1990ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಥಾಮ್ಸನ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿಯ ಸಾಮಾನ್ಯ ತಂದೆತಾಯಿಯರಿಗೇ ತರಬೇತಿ ಕೊಟ್ಟು, ಐದಾರು ವರ್ಷದ ಮಕ್ಕಳನ್ನು ಎರಡು ಮೂರರಂತೆ ಬೀದಿಗೆ ಕರೆದೊಯ್ದು ಕಲಿಸಲು ಹೇಳಿದರು. ಸುರಕ್ಷಿತ ಜಾಗ ಹುಡುಕುವುದು, ನಿಂತ ವಾಹನಗಳ ನಡುವೆ ದಾಟುವುದು, ಕೂಡುರಸ್ತೆಯ ಬಳಿ ದಾಟುವುದು, ಇವು ಮೂರೇ ಪಾಠ. ಕೆಲವೇ ಪಾಠಗಳಲ್ಲಿ ಮಕ್ಕಳು ಗಮನಾರ್ಹವಾಗಿ ಸುಧಾರಿಸಿದರು. ಈ ಕ್ರಮ ಮುಂದೆ ‘ಕರ್ಬ್‌ಕ್ರಾಫ್ಟ್’ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಬೇರೆ ಕಡೆಗೂ ಹರಡಿತು. ಕಲಿಸಿದವರು ಪೊಲೀಸರಲ್ಲ, ತಜ್ಞರಲ್ಲ ಎಂಬುದನ್ನು ಗಮನಿಸಿ. ನೀವೂ ಕಲಿಸಬಲ್ಲಿರಿ.

ಹೇಗೆ? ಮೊದಲ ವಾರ ನೀವೇ ಮಗುವಿನ ಕೈ ಹಿಡಿದು ನಡೆಯಿರಿ. ಬೆರಳನ್ನಲ್ಲ, ಮಣಿಕಟ್ಟನ್ನು ಹಿಡಿಯಿರಿ, ಬೆರಳು ಜಾರುತ್ತದೆ. ನಡೆಯುತ್ತ ನಿಮ್ಮ ಮನಸ್ಸಿನಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳಿ. ‘ಇಲ್ಲಿ ಲಾರಿ ನಿಂತಿದೆ, ಆಚೆ ಕಾಣುವುದಿಲ್ಲ, ಸ್ವಲ್ಪ ಮುಂದೆ ಹೋಗೋಣ. ಈಗ ರಸ್ತೆಯ ಅಂಚು ಬಂತು, ನಿಂತೆವು. ಬಲಗಡೆ ನೋಡಿದೆ, ಎಡಗಡೆ ನೋಡಿದೆ, ಮತ್ತೆ ಬಲಗಡೆ.’ ನಮ್ಮಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಹೋಗುವುದರಿಂದ ದಾಟುವವರಿಗೆ ಮೊದಲು ಎದುರಾಗುವುದು ಬಲಗಡೆಯಿಂದ ಬರುವ ವಾಹನ. ಹೊರದೇಶದ ಪುಸ್ತಕ ನೋಡಿ ‘ಎಡ-ಬಲ-ಎಡ’ ಎಂದು ಕಲಿಸುವವರು ಈಗಲೂ ಇದ್ದಾರೆ, ಅದನ್ನು ಬಿಡಿಸಿ. ಏಕಮುಖ ರಸ್ತೆಯಲ್ಲೂ ಎರಡೂ ಕಡೆ ನೋಡಲೇಬೇಕು. ಕಾರಣ ನಿಮಗೆ ಗೊತ್ತೇ ಇದೆ. ಕಿವಿಯನ್ನಷ್ಟೇ ನಂಬುವ ಕಾಲವೂ ಹೋಯಿತು. ವಿದ್ಯುತ್ ಸ್ಕೂಟರು ಸದ್ದಿಲ್ಲದೆ ಬರುತ್ತದೆ.

ಎರಡನೆಯ ವಾರ ಪಾತ್ರ ಬದಲಿಸಿ. ‘ಈಗ ನೀನು ನನ್ನನ್ನು ದಾಟಿಸು’ ಎನ್ನಿ. ಮಕ್ಕಳಿಗೆ ಇದು ಬಹಳ ಇಷ್ಟ. ತಪ್ಪು ಜಾಗ ಆರಿಸಿದರೆ ಗದರಬೇಡಿ, ‘ಆ ತಿರುವಿನಿಂದ ಬಸ್ಸು ಬಂದರೆ ನಮಗೆ ಯಾವಾಗ ಕಾಣುತ್ತದೆ?’ ಎಂದು ಕೇಳಿ. ಉತ್ತರವನ್ನು ಮಗುವೇ ಹುಡುಕಲಿ. ನಿಮಗೆ ನಂಬಿಕೆ ಬಂದ ಮೇಲೆ ಹತ್ತು ಹೆಜ್ಜೆ ಹಿಂದೆ ಉಳಿದು, ಮಗು ಮುಂದೆ ನಡೆಯುವುದನ್ನು ಗಮನಿಸಿ. ಭಾನುವಾರದ ಖಾಲಿ ರಸ್ತೆಯಲ್ಲಿ ಕಲಿತದ್ದು ಸೋಮವಾರ ಒಂಬತ್ತೂವರೆಗೆ ಸಾಲುವುದಿಲ್ಲವಾದ್ದರಿಂದ ಶಾಲೆಯ ವೇಳೆಯಲ್ಲೇ ಈ ಅಭ್ಯಾಸ ನಡೆಯಬೇಕು.

ನಿಂತ ವಾಹನಗಳ ನಡುವೆ ದಾಟದೆ ಬೇರೆ ದಾರಿಯೇ ಇಲ್ಲದ ಬೀದಿಗಳು ನಗರಗಳಲ್ಲಿ ಎಷ್ಟೋ ಇವೆ. ಅಲ್ಲಿ ಎರಡು ಸಲ ನಿಲ್ಲಬೇಕು. ರಸ್ತೆಯ ಅಂಚಿನಲ್ಲಿ ಒಮ್ಮೆ ನಿಂತು, ಎರಡೂ ವಾಹನಗಳಲ್ಲಿ ಚಾಲಕರಿಲ್ಲ ಎಂಬುದನ್ನು ನೋಡಬೇಕು. ಆಮೇಲೆ ವಾಹನದ ಹೊರಬದಿಯ ಗೆರೆಯವರೆಗೆ ಹೋಗಿ ಮತ್ತೆ ನಿಂತು, ಎರಡೂ ಕಡೆ ನೋಡಿ, ನೇರವಾಗಿ ನಡೆದು ದಾಟಬೇಕು. ಓಡುವುದು ಬೇಡ, ಓಡುವ ಮಗು ಎಡವುತ್ತದೆ. ಕರುಣೆಯುಳ್ಳ ಚಾಲಕರೊಬ್ಬರು ಗಾಡಿ ನಿಲ್ಲಿಸಿ ‘ದಾಟು’ ಎಂದು ಕೈ ಬೀಸಿದಾಗಲೂ ಹುಷಾರು. ಅವರ ಪಕ್ಕದಿಂದ ಹಿಂದಿನ ಬೈಕು ನುಗ್ಗಿ ಬರುತ್ತದೆ.

ದೊಡ್ಡವರು ಮಾಡುವ ಒಂದು ಕೆಲಸವನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಶಾಲೆ ಬಿಟ್ಟಾಗ ರಸ್ತೆಯ ಆಚೆ ಬದಿಯಲ್ಲಿ ನಿಂತು ‘ಪುಟ್ಟೀ, ಬಾ’ ಎಂದು ಕರೆಯುವುದು. ಅಮ್ಮನನ್ನು ಕಂಡ ಮಗುವಿಗೆ ರಸ್ತೆ ಕಾಣುವುದಿಲ್ಲ. ನೀವೇ ದಾಟಿ ಗೇಟಿನ ಬದಿಗೆ ಹೋಗಿ ನಿಲ್ಲಿ. ಹಾಗೆಯೇ ಬಸ್ಸಿನಿಂದ ಇಳಿದ ಮಕ್ಕಳು ಬಸ್ಸಿನ ಮುಂದೆಯಾಗಲಿ ಹಿಂದೆಯಾಗಲಿ ನುಸುಳಿ ದಾಟಬಾರದು. ಬಸ್ಸು ಹೊರಟುಹೋಗುವವರೆಗೆ ಪಕ್ಕದಲ್ಲೇ ಕಾಯಬೇಕು. ಹೆದ್ದಾರಿ ಊರನ್ನು ಸೀಳಿಕೊಂಡು ಹೋಗಿರುವ ಕಡೆ ಇದು ಜೀವದ ಪ್ರಶ್ನೆ. ಅಂಥ ಊರುಗಳಲ್ಲಿ ಕೆಳಸೇತುವೆ ಎಷ್ಟೇ ಸುತ್ತಾದರೂ ಅದೇ ದಾರಿ. ನಡುವಿನ ವಿಭಜಕ ಹತ್ತಿ ಹಾರುವುದನ್ನು ಮಕ್ಕಳು ಕಲಿಯುವುದು ನಮ್ಮನ್ನು ನೋಡಿಯೇ.

ಯಾವ ವಯಸ್ಸಿಗೆ ಒಬ್ಬರೇ ಕಳಿಸಬಹುದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಏಳು ವರ್ಷದವರೆಗೆ ದೊಡ್ಡವರ ಕೈ ಬಿಡಬಾರದು. ಏಳರಿಂದ ಹತ್ತರವರೆಗೆ ಒಳಬೀದಿಗಳಲ್ಲಿ ದೊಡ್ಡ ಮಕ್ಕಳ ಜೊತೆ ಹೋಗಲಿ. ಹತ್ತು ದಾಟಿದ ಮೇಲೆ, ಕಲಿತ ದಾರಿಯಲ್ಲಿ, ಒಬ್ಬರೇ ಹೋಗಬಹುದು. ಸಿಗ್ನಲ್ ಇಲ್ಲದ ದೊಡ್ಡ ರಸ್ತೆಯನ್ನು ಒಬ್ಬರೇ ದಾಟುವುದು ಹೈಸ್ಕೂಲಿನ ವಯಸ್ಸಿಗೆ ಸರಿ. ಕಣ್ಣಿನ ತೊಂದರೆ ಇರುವ ಮಗುವಿಗೆ ಈ ಲೆಕ್ಕವೂ ನಡೆಯದು. ದೂರದ ಫಲಕ ಓದಲಾಗದ ಮಗುವಿನ ಕಣ್ಣು ಪರೀಕ್ಷೆ ಮೊದಲು ಆಗಲಿ.

ಗುಂಪಿನಲ್ಲಿ ಹೋದರೆ

ಹಳ್ಳಿಯಲ್ಲಿ ದೊಡ್ಡ ಮಕ್ಕಳು ಚಿಕ್ಕವರನ್ನು ಕರೆದುಕೊಂಡು, ಮನೆಮನೆಯ ಮುಂದೆ ಕೂಗು ಹಾಕುತ್ತ ಶಾಲೆಗೆ ಹೋಗುವುದು ಹಳೆಯ ರೂಢಿ. ಇದನ್ನೇ ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದಲ್ಲಿ ‘ನಡೆದಾಡುವ ಶಾಲಾ ಬಸ್ಸು’ ಎಂದು ಕರೆದು ಪ್ರಚಾರಕ್ಕೆ ತಂದರು. ಜಪಾನಿನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಹಳದಿ ಟೋಪಿ ಇರುತ್ತದೆ, ಚಾಲಕರಿಗೆ ದೂರದಿಂದಲೇ ಕಾಣಲೆಂದು. ನಮ್ಮ ಬೀದಿಯ ನಾಲ್ಕು ಮನೆಯವರು ಸರದಿ ಹಾಕಿಕೊಂಡರೆ ವಾರಕ್ಕೆ ಒಂದೋ ಎರಡೋ ದಿನ ಒಬ್ಬರ ಪಾಳಿ ಬರುತ್ತದೆ. ಅಜ್ಜಂದಿರಿಗೂ ಬೆಳಗಿನ ನಡಿಗೆಯಾದಂತಾಯಿತು. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕು.

ಗುಂಪಿನಲ್ಲಿ ಹೋಗುವ ಮಕ್ಕಳಿಗೆ ಬೀದಿನಾಯಿಯ ಕಾಟವೂ ಕಡಿಮೆ. ನಾಯಿ ಕಂಡಾಗ ಓಡಬಾರದು, ಕಲ್ಲು ಹೊಡೆಯಬಾರದು, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು ಎಂದು ಹೇಳಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ಬೈಯುತ್ತಾರೆಂದು ಹೆದರಿ ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂಬ ಭರವಸೆಯನ್ನು ಮೊದಲೇ ಕೊಟ್ಟಿರಿ. ರೇಬೀಸ್ ಬಂದ ಮೇಲೆ ಔಷಧಿ ಇಲ್ಲ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ವಾಹನಕ್ಕಿಂತ ಹಳ್ಳವೇ ದೊಡ್ಡ ಭಯ. ಅಡಿಕೆ ಮರದ ದಬ್ಬೆಯ ಕಾಲುಸಂಕದ ಮೇಲೆ, ಬೆನ್ನಿಗೆ ಚೀಲ, ಒಂದು ಕೈಯಲ್ಲಿ ಕೊಡೆ ಹಿಡಿದು ಮಕ್ಕಳು ದಾಟುತ್ತಾರೆ. 2022ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯಲ್ಲಿ ಹೀಗೆ ಶಾಲೆಯಿಂದ ಮರಳುತ್ತಿದ್ದ ಮಗುವೊಂದು ನೀರುಪಾಲಾಯಿತು. ಸಂಕದ ಮೇಲೆ ಕೊಡೆ ಮಡಚಿರಬೇಕು, ಕೊಡೆಯ ಬದಲು ರೇನ್‌ಕೋಟು ಇದ್ದರೆ ಎರಡೂ ಕೈ ಬಿಡುವಾಗಿರುತ್ತವೆ. ನೀರು ಸಂಕವನ್ನು ಮುಟ್ಟಿದ ದಿನ ಶಾಲೆ ತಪ್ಪಿಸಿದರೆ ಏನೂ ಹಾಳಾಗುವುದಿಲ್ಲ.

ಪಾಟಿಚೀಲದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಕರ್ನಾಟಕ ಸರ್ಕಾರದ 2019ರ ಆದೇಶದಂತೆ ಒಂದು, ಎರಡನೇ ತರಗತಿಗೆ ಒಂದೂವರೆಯಿಂದ 2 ಕಿಲೋ, ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು ಹತ್ತಕ್ಕೆ 4ರಿಂದ 5 ಕಿಲೋ ಮಿತಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ. ಒಂದೇ ಹೆಗಲಿಗೆ ನೇತುಹಾಕಿದ ಭಾರದ ಚೀಲ ಬೆನ್ನನ್ನು ನೋಯಿಸುವುದಲ್ಲದೆ ದಾಟುವಾಗ ಮಗುವನ್ನು ಒಂದು ಬದಿಗೆ ವಾಲಿಸುತ್ತದೆ.

ಸೈಕಲ್ ಕೊಡಿಸುವ ಮುನ್ನ

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಸೈಕಲ್ ಸಿಕ್ಕಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತುಹೋಯಿತು. ಬಿಹಾರದಲ್ಲಿ ಅದೇ ವರ್ಷಗಳಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟದ್ದರಿಂದ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ 32 ಶೇಕಡಾ ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ತೋರಿಸಿಕೊಟ್ಟರು. ಮೂರು ಕಿಲೋಮೀಟರಿಗಿಂತ ದೂರದ ಹಳ್ಳಿಗಳಲ್ಲಿ ಲಾಭ ಇನ್ನೂ ಹೆಚ್ಚು. ಸೈಕಲ್ ಅಪಾಯವೆಂದು ಕಸಿದುಕೊಂಡರೆ ಎಷ್ಟೋ ಹುಡುಗಿಯರ ಓದೇ ನಿಲ್ಲುತ್ತದೆ ಎಂಬುದನ್ನು ನೆನಪಿಟ್ಟು ಮುಂದಿನದನ್ನು ಓದಿ.

ಸೈಕಲ್ ಮಗುವಿನ ಈಗಿನ ಅಳತೆಗೆ ಇರಬೇಕು, ಮೂರು ವರ್ಷದ ನಂತರದ ಅಳತೆಗಲ್ಲ. ಬೆಳೆಯುವ ಮಗು ಎಂದು ಸಡಿಲ ಅಂಗಿ ಹೊಲಿಸಬಹುದು, ದೊಡ್ಡ ಸೈಕಲ್ ಕೊಡಿಸಬಾರದು. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲ ಮುಟ್ಟಬೇಕು, ಬೆರಳುಗಳಿಗೆ ಬ್ರೇಕ್ ಎಟುಕಬೇಕು. ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ಹಳೆಯ ತಲೆಮಾರಿನವರು ಇದಕ್ಕೆ ನಗಬಹುದು. ಅವರ ಕಾಲದ ರಸ್ತೆಯಲ್ಲಿ ಎತ್ತಿನಗಾಡಿಗಳಿದ್ದವು.

ರಸ್ತೆಗೆ ಬಿಡುವ ಮುನ್ನ ಮೈದಾನದಲ್ಲಿ ಒಂದು ಪರೀಕ್ಷೆ ಮಾಡಿ. ಸುಣ್ಣದ ಗೆರೆ ಎಳೆದು ಅದರ ಗುಂಟ ಓಡಿಸಲು ಹೇಳಿ. ಓಡಿಸುತ್ತಿರುವಾಗ ಹಿಂದಿನಿಂದ ಕೂಗಿ, ‘ನಾನು ಎಷ್ಟು ಬೆರಳು ತೋರಿಸುತ್ತಿದ್ದೇನೆ?’ ಎಂದು ಕೇಳಿ. ಬಲಭುಜದ ಮೇಲಿಂದ ತಿರುಗಿ ನೋಡಿ, ಗೆರೆ ಬಿಡದೆ ಉತ್ತರಿಸಿದರೆ ಮಗು ತಯಾರಾಗಿದೆ. ತಿರುಗಿದ ಕಡೆಗೇ ಸೈಕಲ್ಲೂ ತಿರುಗಿದರೆ ಇನ್ನೂ ಆಗಿಲ್ಲ. ಒಂದು ಕೈಯಲ್ಲಿ ಸಂಜ್ಞೆ ಮಾಡಿ ಓಡಿಸುವುದೂ ಬರಬೇಕು. ಹತ್ತು ವರ್ಷಕ್ಕಿಂತ ಮೊದಲು ಇವೆರಡೂ ಒಟ್ಟಿಗೆ ಬರುವ ಮಕ್ಕಳು ಕಡಿಮೆ. ನಡೆಯುವವರು ಬಲಬದಿ, ಸೈಕಲ್ಲಿನವರು ವಾಹನಗಳ ಜೊತೆ ಎಡಬದಿ. ಮಕ್ಕಳು ಇದನ್ನು ಅದಲುಬದಲು ಮಾಡಿಕೊಳ್ಳುತ್ತಾರೆ, ಬಿಡಿಸಿ ಹೇಳಿ. ಮಾತಾಡುತ್ತ ಮೂವರು ಸಾಲಾಗಿ ಹೋಗುವುದು, ಟ್ರ್ಯಾಕ್ಟರಿನ ಹಿಂಬದಿ ಹಿಡಿದು ಜಗ್ಗಿಸಿಕೊಂಡು ಹೋಗುವುದು, ಕಿವಿಗೆ ಇಯರ್‌ಫೋನ್ ಇವು ಕೂಡದು.

ಹೆಣ್ಣುಮಕ್ಕಳ ಸಮವಸ್ತ್ರದ ವೇಲ್ ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಕುತ್ತು. ಅದನ್ನು ಮಡಚಿ ಎರಡೂ ಭುಜದ ಮೇಲೆ ಪಿನ್ ಹಾಕಬೇಕು, ಅಥವಾ ಶಾಲೆಗೆ ಹೋದ ಮೇಲೆ ಧರಿಸಲು ಚೀಲದಲ್ಲಿಟ್ಟರೂ ಆಯಿತು. ಪ್ಯಾಂಟಿನ ಅಂಚಿಗೆ ರಬ್ಬರ್ ಬ್ಯಾಂಡ್, ಚೈನಿಗೆ ಕವರ್, ಹಿಂದೆ ಹೊಳೆಯುವ ಕೆಂಪು ಬಿಲ್ಲೆ ಇರಲಿ. ತಮ್ಮನನ್ನೋ ತಂಗಿಯನ್ನೋ ಕ್ಯಾರಿಯರ್ ಮೇಲೆ ಕೂರಿಸಿದಾಗ ಕಾಲು ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುವುದು ಬಹಳ ಸಾಮಾನ್ಯ. ಆಗ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಕಾಲು ಎಳೆಯಬೇಡಿ, ಕಡ್ಡಿಯನ್ನೇ ಕತ್ತರಿಸಿ. ಹಿಮ್ಮಡಿಯ ಗಾಯ ಮೊದಲ ದಿನ ಸಣ್ಣದಾಗಿ ಕಂಡರೂ ಜಜ್ಜಿದ ಚರ್ಮ ಕೆಲವು ದಿನಗಳಲ್ಲಿ ಕೊಳೆಯಬಹುದು. ವೈದ್ಯರಿಗೆ ತೋರಿಸಲೇಬೇಕು.

ಹೆಲ್ಮೆಟ್ ಬೇಕೇ? ಬೇಕು. ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಸೈಕಲ್ ಹೆಲ್ಮೆಟ್ ತಲೆಯ ಪೆಟ್ಟಿನ ಸಾಧ್ಯತೆಯನ್ನು ಶೇಕಡಾ 51, ತೀವ್ರ ಪೆಟ್ಟನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಅದರ ಅಂಚು ಇರಬೇಕು, ಗದ್ದದ ಪಟ್ಟಿಯೊಳಗೆ ಒಂದು ಬೆರಳು ಮಾತ್ರ ತೂರಬೇಕು. ಹಿಂದಕ್ಕೆ ಜಾರಿದ ಹೆಲ್ಮೆಟ್ ಹಣೆಯನ್ನು ಕಾಯುವುದಿಲ್ಲ. ಒಮ್ಮೆ ಬಲವಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ.

ಬಿದ್ದಾಗ

ಮೊಣಕಾಲು ತರಚಿದರೆ ಶುದ್ಧ ನೀರಿನಲ್ಲಿ ತೊಳೆದರೆ ಸಾಕು, ಕಾಫಿಪುಡಿ ತುಂಬಬೇಡಿ. 5-6 ವರ್ಷದ, 10 ಮತ್ತು 16 ವರ್ಷದ ಧನುರ್ವಾಯು ಲಸಿಕೆಗಳು ಆಗಿವೆಯೇ ನೋಡಿಕೊಳ್ಳಿ. ತಲೆಗೆ ಪೆಟ್ಟಾದ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಪರಾದರೆ, ತಲೆನೋವು ಹೆಚ್ಚುತ್ತ ಹೋದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಸೋರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಹ್ಯಾಂಡಲ್ಲಿನ ಪೆಟ್ಟು. ಬೀಳುವಾಗ ಹ್ಯಾಂಡಲ್ ತಿರುಗಿ ಅದರ ತುದಿ ಹೊಟ್ಟೆಗೆ ಚುಚ್ಚುತ್ತದೆ. ಹೊರಗೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಗುರುತು ಮಾತ್ರ. ಒಳಗೆ ಯಕೃತ್ತು, ಗುಲ್ಮ, ಮೇದೋಜೀರಕ, ಕರುಳು ಯಾವುದಕ್ಕೂ ಏಟಾಗಿರಬಹುದು. ಮಗು ಎದ್ದು ಆಟವಾಡುತ್ತದೆ. ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಹೊಟ್ಟೆನೋವು, ವಾಂತಿ, ಬೆವರುವುದು, ಬಿಳಚಿಕೊಳ್ಳುವುದು ಆರಂಭವಾಗುತ್ತದೆ. ಹ್ಯಾಂಡಲ್ ಹೊಟ್ಟೆಗೆ ತಗುಲಿತು ಎಂಬ ಒಂದು ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ತುದಿಯ ರಬ್ಬರ್ ಕಳಚಿ ಕಬ್ಬಿಣದ ಕೊಳವೆ ಬಾಯ್ತೆರೆದಿರುವ ಸೈಕಲ್ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ರಬ್ಬರ್ ಹಾಕಿಸಿ. ಕೆಲವೇ ರೂಪಾಯಿಯ ಖರ್ಚು.

ರಸ್ತೆಯಲ್ಲಿ ಬೇರೆಯವರ ಮಗು ಬಿದ್ದಿರುವುದನ್ನು ಕಂಡರೂ 108ಕ್ಕೆ ಕರೆಮಾಡಲು ಹಿಂಜರಿಯಬೇಡಿ. ಸಹಾಯ ಮಾಡಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ರಕ್ಷಣೆಯಿದೆ. ಅದೇ ಕಾಯ್ದೆಯ ಇನ್ನೊಂದು ವಿಧಿಯನ್ನು ಹೈಸ್ಕೂಲು ಮಕ್ಕಳ ತಂದೆತಾಯಿಯರು ಓದಿಕೊಳ್ಳಬೇಕು: ಅಪ್ರಾಪ್ತ ವಯಸ್ಸಿನ ಮಗು ಮೋಟಾರು ವಾಹನ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ವಾಹನದ ಒಡೆಯರಿಗೆ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಸೈಕಲ್ ಬಿಟ್ಟು ಸ್ಕೂಟರಿಗೆ ಹಾರುವ ಒಂಬತ್ತನೇ ತರಗತಿಯ ಹುಡುಗನಿಗೆ ಕೀಲಿ ಕೊಡುವವರು ನಾವೇ ತಾನೆ?

ಇಷ್ಟೆಲ್ಲ ಕಷ್ಟಪಟ್ಟು ನಡೆಸಬೇಕೇ ಎನ್ನುವವರಿಗೆ ಎರಡು ಮಾತು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೋಗಿಬರುವ ಬಿರುಸು ನಡಿಗೆಯಲ್ಲೇ ಅದರ ಅರ್ಧ ಮುಗಿಯುತ್ತದೆ. ಕಣ್ಣಿಗೂ ಲಾಭವಿದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಪಾಠ ನಡೆಸಿದಾಗ, ಮೂರು ವರ್ಷದ ಕೊನೆಗೆ ಸಮೀಪದೃಷ್ಟಿ ಬಂದವರು ನೂರಕ್ಕೆ 30. ಉಳಿದ ಶಾಲೆಗಳಲ್ಲಿ ಸುಮಾರು 40. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಎಷ್ಟು ಕಲಿಸಿದರೂ ಮಗು ಮಗುವೇ. ಕಾಲುದಾರಿಯೇ ಇಲ್ಲದ ಕಡೆ ಮಗು ಎಲ್ಲಿ ನಡೆಯಬೇಕು? ಅಡಚಣೆಯಿಲ್ಲದ ಕಾಲುದಾರಿಯನ್ನು ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಿನಲ್ಲಿ ಹೇಳಿದೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಶಾಲೆಯಲ್ಲಿ ಅಭಿವೃದ್ಧಿ ಸಮಿತಿ ಇದೆ, ನಗರದಲ್ಲಿ ವಾರ್ಡ್ ಕಚೇರಿ ಇದೆ. ‘ರಸ್ತೆ ಸರಿಯಿಲ್ಲ’ ಎಂದು ಬರೆದುಕೊಟ್ಟ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಬದಲಿಗೆ ಮಕ್ಕಳನ್ನೇ ಕೂರಿಸಿಕೊಂಡು ಅವರ ದಾರಿಯ ನಕ್ಷೆ ಬರೆಸಿ. ಹೆದರಿಕೆಯಾಗುವ ಜಾಗಗಳಿಗೆ ಅವರೇ ಕೆಂಪು ಬಣ್ಣ ಹಚ್ಚಲಿ. ಒಂದೊಂದು ಜಾಗಕ್ಕೂ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ದಿನಕ್ಕೆ ಎಷ್ಟು ಮಕ್ಕಳು ಅಲ್ಲಿ ದಾಟುತ್ತಾರೆ, ಬೆಳಿಗ್ಗೆ ಯಾವ ಹೊತ್ತಿಗೆ ಎಂಬುದನ್ನು ಬರೆದು, ಬೇಕಾದದ್ದು ಉಬ್ಬೋ, ಝೀಬ್ರಾ ಪಟ್ಟೆಯೋ, ಸಂಕಕ್ಕೆ ಕೈಹಿಡಿಯೋ ಎಂದು ಸ್ಪಷ್ಟವಾಗಿ ನಮೂದಿಸಿ. ಒಂದು ಪ್ರತಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ.